ಕಡಗೋಲಿನ ಹೆಪ್ಪು

ಬಸಲಿಂಗವ್ವನ ಬೆರಳು ಸುಟ್ಟ ವಾಸನೆ ಮೊದಲು ಬಂದದ್ದು ಪಡಸಾಲೆಯಲ್ಲಿ ಊಟಕ್ಕೆ ಕುಳಿತವರಿಗೆ. ಒಲೆಯ ಮುಂದೆಯೇ ಇದ್ದ ಬಸಲಿಂಗವ್ವನಿಗೆ ಅದರ ಸುಳಿವೇ ಇರಲಿಲ್ಲ. ಹಂಚಿನ ಮೇಲೆ ಉಬ್ಬುತ್ತಿದ್ದ ಜೋಳದ ರೊಟ್ಟಿಯ ಅಂಚನ್ನು ಬೆರಳ ತುದಿಯಿಂದ ಒತ್ತಿ ಹಿಡಿದು, ಹೊರಗೆ ಯಾರಿಗೋ ಬದನೆಕಾಯಿ ಪಲ್ಯ ಬೇಕೇನೆಂದು ಕೇಳುತ್ತಿದ್ದಳು. ಶಿವಯೋಗಿ ತಾಟು ಬಿಟ್ಟು ಎದ್ದು ಹೋಗಿ ಆಕೆಯ ಕೈಯನ್ನು ಹಿಂದಕ್ಕೆಳೆದ.

“ವೈನಿ, ಬೆರಳು ಸುಡಾಕತ್ತೈತಿ. ನಿನಗ ಗೊತ್ತಾಗವಲ್ದೇನು?”

ಬಸಲಿಂಗವ್ವ ಬೆರಳನ್ನು ಕಣ್ಣ ಹತ್ತಿರ ತಂದು, ಅದು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿದಳು. ತುದಿ ಕೆಂಪಾಗಿ ಬೊಬ್ಬೆ ಏಳುತ್ತಿತ್ತು.

“ಹೌದಲ್ಲೋ ತಮ್ಮಾ. ನಾ ರೊಟ್ಟಿ ಸೀದೈತಿ ಅಂತ ತಿಳಕೊಂಡಿದ್ದೆ,” ಎಂದಳು. ಆಮೇಲೆ ಊಟಕ್ಕೆ ಬಂದವರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿದಳು. “ಭಾಳ ದಿನ ಆತು. ಬೆರಳಿಗೆ ಯಾರೋ ಅರಿವಿ ಸುತ್ತಿದಂಗ ಆಗೈತಿ. ಹಿಟ್ಟು ಹದ ಆತೋ ಇಲ್ಲೋ, ಕಣ್ಣಿಲೆ ನೋಡೇ ಹೇಳಬೇಕು.”

ಬೆಟಗೇರಿಯ ನೇಕಾರರ ಓಣಿಯಲ್ಲಿ ಬಸಲಿಂಗವ್ವನ ಖಾನಾವಳಿ ಎಂದರೆ ಗದಗಿನ ತುಂಬ ಗೊತ್ತು. ಆಕೆ ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಆಚೆಯವರ ಮುಖ ಕಾಣುತ್ತದೆ ಎಂದು ಜನ ತಮಾಷೆ ಮಾಡುತ್ತಿದ್ದರು. ಅಂಥ ರೊಟ್ಟಿ ಈಚೆಗೆ ಒಂದು ಕಡೆ ದಪ್ಪ, ಒಂದು ಕಡೆ ಹರಕು ಆಗತೊಡಗಿತ್ತು. ಜನ ದಾಕ್ಷಿಣ್ಯಕ್ಕೆ ಸುಮ್ಮನೆ ತಿಂದು ಹೋಗುತ್ತಿದ್ದರು. ಶಿವಯೋಗಿಯೂ ತಿಂದು ಹೋಗುತ್ತಿದ್ದ, ವಯಸ್ಸಾಯಿತಲ್ಲ ಎಂದುಕೊಂಡು.

ಅವನು ಆಕೆಯ ಮೈದುನ. ಅವನಿನ್ನೂ ಅಂಬೆಗಾಲಿಡುವಾಗ, ಬಸಲಿಂಗವ್ವ ಆ ಮನೆಗೆ ಸೊಸೆಯಾಗಿ ಬಂದ ವರ್ಷವೇ, ಅವನ ತಾಯಿ ತೀರಿಕೊಂಡಳು. ಮುಂದೆ ಅಣ್ಣನೂ ಹೋದ. ಉಳಿದದ್ದು ವೈನಿ ಮತ್ತು ಆಕೆಯ ಎರಡು ಕೈ. ಅವನ ಅನ್ನ, ಅವನ ಶಾಲೆ, ಅವನ ಸೂಕ್ಷ್ಮಜೀವಶಾಸ್ತ್ರದ ಪದವಿ ಎಲ್ಲವೂ ಆ ಕೈಗಳಿಂದಲೇ ಬಂದವು. ಬಾಲ್ಯದಲ್ಲಿ ಅವನಿಗೆ ಜ್ವರ ಬಂದರೆ ವೈನಿ ಹಿಟ್ಟು ಒರೆಸಿಕೊಂಡ ಅಂಗೈಯನ್ನು ಹಣೆಯ ಮೇಲಿಟ್ಟು, ಎಷ್ಟಿದೆ, ಯಾವಾಗ ಬಿಡುತ್ತದೆ ಎಂದು ಹೇಳಿಬಿಡುತ್ತಿದ್ದಳು. ಡಾಕ್ಟರು ಬಂದು ನೋಡಿ ಅದನ್ನೇ ಹೇಳುತ್ತಿದ್ದರು. ಕಳೆದ ಬೇಸಿಗೆಯಲ್ಲಿ ಅವನು ಜ್ವರದಿಂದ ಮಲಗಿದ್ದಾಗ ಮಾತ್ರ ಆಕೆ ಅಂಗೈ ಇಟ್ಟು, ತೆಗೆದು, ಮತ್ತೆ ಇಟ್ಟು, ಕೊನೆಗೆ ಬಾಗಿ ತನ್ನ ಕೆನ್ನೆಯನ್ನು ಅವನ ಹಣೆಗೆ ತಾಗಿಸಿದ್ದಳು. ಯಾಕೆಂದು ಅವನು ಕೇಳಿರಲಿಲ್ಲ. ಈಗ ಬೊಬ್ಬೆಗೆ ಮುಲಾಮು ಹಚ್ಚುತ್ತ ಕುಳಿತಾಗ ಅವನಿಗೆ ಅದು ನೆನಪಾಯಿತು.

ಇದು ಹಾಲು ನಿಂತ ಮೇಲಿನ ಕಾಲದ ಮಾತು. ಒಂದು ವೈರಸ್ಸು ಬಂದು ಆಕಳು, ಎಮ್ಮೆ, ಆಡು ಯಾವುದನ್ನೂ ಬಿಡದೆ ಕೆಚ್ಚಲು ಬತ್ತಿಸಿಬಿಟ್ಟಿತ್ತು. ದನಗಳು ಸಾಯಲಿಲ್ಲ, ಹಾಲು ಕೊಡಲಿಲ್ಲ ಅಷ್ಟೆ. ಕರುಗಳು ಗಂಜಿ ಕುಡಿದು ಬೆಳೆದವು. ಮೊದಮೊದಲು ಜನ ಆಕಾಶ ಕಳಚಿ ಬಿತ್ತೆಂಬಂತೆ ಗೋಳಾಡಿದರು, ಆಮೇಲೆ ಎಲ್ಲದಕ್ಕೂ ಒಗ್ಗುವ ಹಾಗೆ ಇದಕ್ಕೂ ಒಗ್ಗಿದರು. ಉತ್ತರ ಕರ್ನಾಟಕದಲ್ಲಿ ಸೋಯಾ ಮೊದಲೇ ಬೆಳೆಯುತ್ತಿತ್ತು. ಈಗ ಎಲ್ಲೆಡೆ ಸೋಯಾ ಹಾಲು. ಚಹಕ್ಕೂ ಅದೇ, ಗೃಹಪ್ರವೇಶದ ದಿನ ಒಲೆಯ ಮೇಲೆ ಉಕ್ಕಿಸುವುದಕ್ಕೂ ಅದೇ. ಪೇಢೆಯ ಹೆಸರು ಉಳಿಯಿತು, ರುಚಿಯನ್ನು ಹಿರಿಯರು ಬಾಯಿಮಾತಿನಲ್ಲಿ ಉಳಿಸಿಕೊಂಡರು. ಮಜ್ಜಿಗೆ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಅದನ್ನು ಹೆಪ್ಪು ಹಾಕಿದರೆ ಮತ್ತೆ ಮೊಸರಾಗುತ್ತಿರಲಿಲ್ಲ. ಹೀಗಾಗಿ ಮನೆಯಲ್ಲಿ ಹೆಪ್ಪು ಇಡುವ ಪದ್ಧತಿಯೇ ಹೋಯಿತು. ಕಡಗೋಲುಗಳು ಒಲೆ ಸೇರಿದವು.

ಹಾಲಿನ ಜೊತೆ ಇನ್ನೊಂದು ವಸ್ತುವೂ ಹೋಗಿತ್ತು. ಅದು ಹೋದದ್ದು ತಡವಾಗಿ ತಿಳಿಯಿತು. ಮಾಂಸ, ಮೊಟ್ಟೆ ಮುಟ್ಟದವರಿಗೆ ಬಿ-ಹನ್ನೆರಡು ಎಂಬ ಜೀವಸತ್ವ ಸಿಗುತ್ತಿದ್ದುದು ಹಾಲು ಮೊಸರಿನಿಂದಲೇ. ದೇಹ ಅದನ್ನು ವರ್ಷಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ. ಕಣಜ ಖಾಲಿಯಾದ ಮೇಲೆ ನರಗಳು ಮಂಕಾಗುತ್ತವೆ. ಬೆರಳು ಮರಗಟ್ಟುತ್ತದೆ, ನಡಿಗೆ ತಪ್ಪುತ್ತದೆ. ಚುಚ್ಚುಮದ್ದು ಇತ್ತು. ಆದರೆ ಇಡೀ ಜಗತ್ತೇ ಅದಕ್ಕೆ ಕೈಚಾಚಿ ನಿಂತಿತ್ತು. ಬಸುರಿಯರಿಗೆ, ಕೂಸುಗಳಿಗೆ ಮೊದಲು ಎಂದು ಸರಕಾರ ಹೇಳಿತು. ಅದು ಸರಿಯೂ ಹೌದು. ಮಕ್ಕಳಿಲ್ಲದ, ಅರವತ್ತು ದಾಟಿದ ರೊಟ್ಟಿ ಬಡಿಯುವ ಹೆಂಗಸಿನ ಪಾಳಿ ಬರುವುದು ಯಾವಾಗಲೋ.

ಆಸ್ಪತ್ರೆಯಲ್ಲಿ ಡಾಕ್ಟರು ಬಸಲಿಂಗವ್ವನ ಬೆರಳಿಗೆ ಸೂಜಿ ಚುಚ್ಚಿ, ಹತ್ತಿ ಸವರಿ ನೋಡಿದರು. “ನರ ಇನ್ನೂ ಸತ್ತಿಲ್ಲ. ದೀಪಾವಳಿ ಒಳಗ ಏನಾರ ಆದ್ರ ಆತು. ಆಮ್ಯಾಲ ಔಷಧ ಸಿಕ್ಕರೂ ಕೈ ತಿರುಗಿ ಬರೂದು ಕಠಿಣ,” ಎಂದರು. “ಮೊದಲು ನೋವು ತಿರುಗಿ ಬರತೈತಿ. ಸೂಕ್ಷ್ಮ ಸ್ಪರ್ಶ ಕಡೀಕೆ. ಅದು ಬರತೈತಿ ಅಂತ ನಾ ಮಾತ ಕೊಡಂಗಿಲ್ಲ.”

ದಾರಿಯಲ್ಲಿ ಶಿವಯೋಗಿ ಹಿಂಜರಿಯುತ್ತ ಕೇಳಿದ. “ವೈನಿ, ಅಲ್ಲೀತನಕ ಮೊಟ್ಟಿ ತಿಂತೀಯೇನು?”

“ಈ ವಯಸ್ಸಿನ್ಯಾಗ ಹೊಸಾ ರುಚಿ ಕಲಸಬ್ಯಾಡ ನನಗ,” ಎಂದಳು ಬಸಲಿಂಗವ್ವ. “ನೀ ಮೊಸರಾಫೀಸಿನ್ಯಾಗ ಇಷ್ಟು ವರ್ಷ ಏನ ಮಾಡಾಕತ್ತೀದಿ? ಮಾಡ ಅದನ್ನ.”

ಮೊಸರಾಫೀಸು ಎಂದು ಊರವರು ಕರೆಯುತ್ತಿದ್ದುದು ಗದಗಿನ ಹೊರಗಿದ್ದ ಸಂಶೋಧನಾ ಕೇಂದ್ರವನ್ನು. ಬಾಗಿಲ ಮೇಲೆ ಬರೆದ ಹೆಸರು ಎಷ್ಟು ಉದ್ದವಿತ್ತೆಂದರೆ ಒಳಗಿನವರೂ ಅದನ್ನು ಪೂರ್ತಿ ಓದುತ್ತಿರಲಿಲ್ಲ. ಅಲ್ಲಿನ ಮುಖ್ಯಸ್ಥೆ ಡಾಕ್ಟರ್ ರಿಜ್ವಾನಾ ಮುಜಾವರ, ಹುಬ್ಬಳ್ಳಿಯವರು. ಮಾತು ಖಡಕ್ಕು, ಕೆಲಸ ಅದಕ್ಕಿಂತ ಖಡಕ್ಕು. ಸೋಯಾ ಹಾಲನ್ನು ಹುಳಿಯಾಗಿಸುತ್ತಲೇ ಅದರಲ್ಲಿ ಬಿ-ಹನ್ನೆರಡನ್ನೂ ತಯಾರಿಸುವ ಬ್ಯಾಕ್ಟೀರಿಯಾವನ್ನು ಹುಡುಕುವುದು ಅವರ ಮತ್ತು ಶಿವಯೋಗಿಯ ಕೆಲಸವಾಗಿತ್ತು. ಮೊಸರು ಮಾಡುವ ಜಾತಿಯ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟಕ್ಕೆ ಈ ವಿದ್ಯೆ ಬರುವುದಿಲ್ಲ. ಜೋಳದ ಹುಳಿ ಅಂಬಲಿಯಿಂದ ಶಿವಯೋಗಿ ಹಿಡಿದು ತಂದ ಒಂದಕ್ಕೆ ಬರುತ್ತಿತ್ತು.

ಅದು ನಿಜವೆಂದು ಮೊದಲು ತೋರಿದ ದಿನ ಕೇಂದ್ರದಲ್ಲಿ ಹಬ್ಬ. ಪರೀಕ್ಷೆ ಸರಳವಾದದ್ದು. ಬಿ-ಹನ್ನೆರಡು ಸಿಕ್ಕರೆ ಮಾತ್ರ ಬೆಳೆಯುವ ಇನ್ನೊಂದು ಸೂಕ್ಷ್ಮಜೀವಿಗೆ ಈ ಸೋಯಾ ಮೊಸರನ್ನು ಉಣಿಸಬೇಕು, ಅದು ಬೆಳೆದರೆ ಜೀವಸತ್ವ ಇದೆ ಎಂದರ್ಥ. ಅದು ಎರಡು ಹೊತ್ತಿನಲ್ಲಿ ಹುಲುಸಾಗಿ ಬೆಳೆದಿತ್ತು. ಮೊಸರು ತಿಂದರೆ ತೊಂದರೆಯಿಲ್ಲ ಎಂಬ ಪರೀಕ್ಷೆ ಆಗಲೇ ಮುಗಿದಿತ್ತು. ಕೇಂದ್ರದವರೆಲ್ಲ ತಿಂದೂ ನೋಡಿದ್ದರು. ಆದರೂ ಹೆಪ್ಪು ಬಾಗಿಲಾಚೆ ಹೋಗಕೂಡದು ಎಂಬುದು ರಿಜ್ವಾನಾ ಮೇಡಂ ಹಾಕಿದ ಕಟ್ಟಪ್ಪಣೆ. ಶಿವಯೋಗಿ ಅಂದು ಮಧ್ಯಾಹ್ನ ಊಟದ ಡಬ್ಬಿಯಲ್ಲಿ ಅದನ್ನು ತುಂಬಿಕೊಂಡು, ಕಳ್ಳನಂತೆ ಮುಖ ಮರೆಸಿಕೊಂಡು ಬೆಟಗೇರಿಗೆ ಹೋದ.

ಬಸಲಿಂಗವ್ವ ಡಬ್ಬಿಯ ಮುಚ್ಚಳ ತೆಗೆದು ಮೂಸಿದಳು. “ಹುಳಿ ವಾಸನಿ ಖರೇ ಐತಿ. ಹೆಪ್ಪು ಹಾಕಿದ್ರ ತಿರುಗಿ ಆಗತೈತೇನಿದು?”

“ಆಗತೈತಿ.”

ಆ ಮಾತು ಕೇಳಿ ಆಕೆಯ ಮುಖ ಅರಳಿದ್ದನ್ನು ಅವನು ಕಂಡ. ಅದು ಬೆರಳು ನೆಟ್ಟಗಾಗುವ ಆಸೆಯಿಂದ ಎಂದುಕೊಂಡ. ಆಕೆ ಖುಷಿಪಟ್ಟದ್ದು ಹೆಪ್ಪಿಗೆ. “ಹಂಗಾರ ಇನ್ನ ತರಬ್ಯಾಡ. ಮನ್ಯಾಗ ಹೆಪ್ಪು ಐತಿ ಅಂದ್ರ ಸಾಕು,” ಎಂದು ಒಳಗೆ ಹೋದಳು.

ಸ್ವಲ್ಪ ದಿನಗಳಲ್ಲೇ ಹೊಸ ಯಂತ್ರವೊಂದು ಬಂತು. ಅದು ಒಂದೊಂದು ಅಣುವನ್ನೂ ಬೇರ್ಪಡಿಸಿ ತೂಗಿ ಹೇಳುವಂಥದು. ರಿಜ್ವಾನಾ ಅದರ ಮುಂದೆ ಬಹಳ ಹೊತ್ತು ಕುಳಿತಿದ್ದು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೋಡ್ರಿ ಶಿವಯೋಗಿ. ಇದು ಖೊಟ್ಟಿ.”

“ಖೊಟ್ಟಿ ಅಂದ್ರ?”

“ಕೀಲಿಕೈ ನೋಡ್ರಿ, ಹಿಡಿ ಇರತೈತಿ, ಹಲ್ಲು ಇರತಾವು. ನಮ್ಮ ಬ್ಯಾಕ್ಟೀರಿಯಾ ಹಿಡಿ ಬರೋಬ್ಬರಿ ಮಾಡೈತಿ. ಹಲ್ಲು ಮಾತ್ರ ಬ್ಯಾರೆ ಕೂಡಿಸೈತಿ. ಆ ಪರೀಕ್ಷಾದ ಸೂಕ್ಷ್ಮಜೀವಿಗೆ ಯಾವ ಹಲ್ಲಾದ್ರೂ ನಡೀತೈತಿ. ಮನಷಾರ ಮೈಯಾಗಿನ ಕೀಲಿ ಇದರಿಂದ ತೆಗಿಯಂಗಿಲ್ಲ.”

ಸರಿಯಾದ ಹಲ್ಲನ್ನು, ಅಂದರೆ ಆ ಅಣುವಿನ ಕೆಳತುಣುಕನ್ನು, ಹೊರಗಿನಿಂದ ಬೆರೆಸಬಹುದಿತ್ತು. ಊಟಕ್ಕೆ ಹಾಕುವಷ್ಟು ಶುದ್ಧವಾದದ್ದು ಯಾರ ಬಳಿಯೂ ಇರಲಿಲ್ಲ. ಅವರ ಬ್ಯಾಕ್ಟೀರಿಯಾಕ್ಕೆ ಅದನ್ನು ತಾನೇ ಮಾಡಿಕೊಳ್ಳಲು ಬರುತ್ತಿರಲಿಲ್ಲ. ಅಲ್ಲಿಗೆ ಕೆಲಸ ಮೊದಲಿನ ಮೆಟ್ಟಿಲಿಗೆ ಬಂದು ನಿಂತಿತು.

ಮರುದಿನ ಖಾನಾವಳಿಯಲ್ಲಿ ವೈನಿ ಬಡಿಸುತ್ತ “ಆಫೀಸಿನ್ಯಾಗ ಹ್ಯಾಂಗೈತಿ?” ಎಂದು ಕೇಳಿದಾಗ, “ನಡದೈತಿ,” ಎಂದಷ್ಟೇ ಹೇಳಿದ. ನಿನ್ನ ಡಬ್ಬಿಯಲ್ಲಿರುವುದು ಬರೀ ಹುಳಿನೀರು ಎಂದು ಹೇಳಲು ಅವನಿಗೆ ನಾಲಗೆ ಏಳಲಿಲ್ಲ. ಆಕೆ ತಂದಿಟ್ಟ ಮಜ್ಜಿಗೆಯನ್ನು ಗಟಗಟ ಕುಡಿದು ಎದ್ದ. ಮಜ್ಜಿಗೆ ಎಂದಿಗಿಂತ ಚೆನ್ನಾಗಿದೆ ಎಂಬುದೂ ಅವನ ತಲೆಗೆ ಹೋಗಲಿಲ್ಲ. ಕೇಂದ್ರದ ವಸತಿಯಲ್ಲಿ ಒಬ್ಬನೇ ಇರುತ್ತಿದ್ದ ಅವನು ಬೆಟಗೇರಿಗೆ ಬರುತ್ತಿದ್ದುದು ಮಧ್ಯಾಹ್ನದ ಊಟಕ್ಕೆ ಮಾತ್ರ. ಬೆಳಿಗ್ಗೆ ಆ ಮನೆಯಲ್ಲಿ ಏನು ನಡೆಯುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಶ್ರಾವಣ ಕಳೆಯಿತು. ಒಂದು ಸೋಮವಾರ ಖಾನಾವಳಿಯಲ್ಲಿ ಜನ ತುಂಬಿದ್ದರು. ಒಳಗಿನಿಂದ “ಹಾ” ಎಂಬ ದನಿ ಬಂತು, ಆಮೇಲೆ ಏನೋ ಬಿದ್ದ ಸದ್ದು. ಶಿವಯೋಗಿ ಓಡಿದ. ಬಸಲಿಂಗವ್ವ ತೋರುಬೆರಳನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದಳು. ಕಣ್ಣಲ್ಲಿ ನೀರು.

“ಏನಾತು ವೈನಿ?”

“ಚುರುಕ್ ಅಂತು,” ಎಂದಳು ಆಕೆ, ಬೆರಳು ತೆಗೆದು. “ಸುಟ್ಟತೋ ತಮ್ಮಾ, ಸುಟ್ಟತು.” ಅಷ್ಟು ಹೇಳಿ ಅವನು ತಡೆಯುವ ಮೊದಲೇ ಇನ್ನೊಂದು ಬೆರಳನ್ನೂ ಹಂಚಿಗೆ ತಾಗಿಸಿ, ಥಟ್ಟನೆ ಹಿಂದೆಳೆದು, ನಗತೊಡಗಿದಳು. ಊಟಕ್ಕೆ ಕುಳಿತವರೆಲ್ಲ ಬಾಗಿಲಲ್ಲಿ ಬಂದು ನಿಂತರು. ಕೈ ಸುಟ್ಟುಕೊಂಡು ನಗುವ ಹೆಂಗಸನ್ನೂ ಅದನ್ನು ನೋಡಿ ಅಳುವ ಮೈದುನನನ್ನೂ ಅವರು ಬೆರಗಾಗಿ ನೋಡಿದರು.

ಶಿವಯೋಗಿಗೆ ಸಂತೋಷದ ಬೆನ್ನಿಗೇ ದಿಗಿಲಾಯಿತು. ಖೊಟ್ಟಿ ಕೀಲಿಕೈಯಿಂದ ಕೀಲಿ ತೆರೆದದ್ದು ಹೇಗೆ? ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದ. ಬಿ-ಹನ್ನೆರಡು ಏರಿತ್ತು. ಇನ್ನು ಮುಚ್ಚಿಡುವಂತಿರಲಿಲ್ಲ. ರಿಜ್ವಾನಾ ಅವರ ಕೋಣೆಗೆ ಹೋಗಿ ಡಬ್ಬಿಯ ಕಥೆಯನ್ನೆಲ್ಲ ಹೇಳಿದ.

ಅವರು ಸಿಟ್ಟಿನಿಂದ ಎದ್ದು ನಿಂತರು. ಆಮೇಲೆ ರಕ್ತದ ವರದಿ ನೋಡಿ ಕುಳಿತರು. ಮತ್ತೆ ಎದ್ದರು. “ನಿಮ್ಮನ್ನ ಬೈಯೂದು ಬಾಕಿ ಇಡತೀನಿ. ಮೊದಲು ನಿಮ್ಮ ವೈನಿಯವರ ಅಡಗೀಮನಿ ತೋರಸ್ರಿ,” ಎಂದರು.

ಅಡುಗೆಮನೆಯ ಮೂಲೆಯಲ್ಲಿ ಮಣ್ಣಿನ ಗಡಿಗೆ. ಅದರ ಬಾಯಿಗೆ ಬಿಳಿ ಅರಿವೆ, ಅದರ ಮೇಲೊಂದು ತಾಟು. ಪಕ್ಕದ ಗೂಟಕ್ಕೆ ಕಡಗೋಲು. ರಿಜ್ವಾನಾ ಗಡಿಗೆಯಿಂದ ಒಂದಿಷ್ಟು ಮಜ್ಜಿಗೆಯನ್ನು ಸೀಸೆಗೆ ತುಂಬಿಕೊಳ್ಳುತ್ತ ಕೇಳಿದರು. “ಇದನ್ನ ನೀವು ಒಬ್ಬರೇ ಕುಡೀತೀರೇನ್ರೀ?”

“ಒಬ್ಬಾಕಿ ಯಾಕ ಕುಡೀಲ್ರಿ? ಊಟಕ್ಕ ಬಂದವರೆಲ್ಲ ಕುಡೀತಾರ. ನಿಮ್ಮ ಶಿವಯೋಗಿನೂ ಕುಡೀತಾನ. ಆಜೂಬಾಜೂ ಮನಿಯವರು ಹೆಪ್ಪು ಒಯ್ದಾರ,” ಎಂದಳು ಬಸಲಿಂಗವ್ವ.

“ಹೊರಗ ಕೊಡಬಾರದು ಅಂತ ಹೇಳಿದ್ದಿಲ್ಲೇನು ಇವರು?”

“ಹೆಪ್ಪು ಕೇಳಾಕ ಬಂದವರಿಗೆ ಇಲ್ಲ ಅನ್ನಾಕ ಬರತೈತೇನ್ರೀ? ಎದುರಿನ ಮನಿ ಕಾಶವ್ವ ವಾಟಿ ಹಿಡಕೊಂಡು ನಿಂತ್ಲು. ಹನ್ನೊಂದ ವರ್ಷದ ಮ್ಯಾಲ ನಮ್ಮ ಓಣ್ಯಾಗ ಒಬ್ಬಾಕಿ ಹೆಪ್ಪು ಕೇಳಿದ್ಲು. ನನಗ ಎಷ್ಟ ಚಲೋ ಅನಸ್ತು ಅಂತೀರಿ. ಕಡಗೋಲ ಕೇಳಿದ್ಲು, ಕಡದು ತಂದಿಡು ಅಂತ ಅದನ್ನೂ ಕೊಟ್ಟೆ. ಓಣಿ ತುಂಬ ಇರೂದು ಇದೊಂದ.”

ಪಾಪ, ಅದು ಕೇಂದ್ರದ ಅಪ್ಪಣೆಯನ್ನು ಮುರಿದದ್ದು ಎಂದು ಆಕೆಗೆ ಅನಿಸಿರಲೇ ಇಲ್ಲ. ರಿಜ್ವಾನಾ ಗಂಭೀರವಾಗಿರಲು ನೋಡಿದರು. ಆಗಲಿಲ್ಲ.

ಆ ಸೀಸೆಯನ್ನು ಯಂತ್ರಕ್ಕೆ ಒಡ್ಡಿದಾಗ ಹಿಡಿಯೂ ಸರಿಯಿತ್ತು, ಹಲ್ಲೂ ಸರಿಯಿತ್ತು. ಅಪ್ಪಟ ಬಿ-ಹನ್ನೆರಡು. ಮಜ್ಜಿಗೆಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ, ಅವರ ಬ್ಯಾಕ್ಟೀರಿಯಾದ ನಡುನಡುವೆ ಮೊಂಡು ಕಡ್ಡಿಗಳಂಥ ಇನ್ನೊಂದು ಜಾತಿ. ಅದು ಕೇಂದ್ರದ್ದಲ್ಲ, ಸೋಯಾದ್ದೂ ಅಲ್ಲ. ಎಲ್ಲಿಂದ ಬಂತು ಎಂದು ಗಡಿಗೆ, ಅರಿವೆ, ನೀರು ಎಲ್ಲವನ್ನೂ ಪರೀಕ್ಷಿಸಿ ಕೊನೆಗೆ ಕಡಗೋಲಿನ ಕೆತ್ತನೆಯೊಳಗೆ ಹತ್ತಿ ಆಡಿಸಿದಾಗ ಸಿಕ್ಕಿತು. ಮರದ ಬಿರುಕಿನಲ್ಲಿ ಹಳೆಯ ಬೆಣ್ಣೆಯ ಜಿಡ್ಡಿನಡಿ, ಹಾಲು ನಿಂತಂದಿನಿಂದ ಅದು ಒಣಗಿ ಮಲಗಿತ್ತು. ಸೋಯಾ ಮೊಸರು ತಾಗಿದ್ದೇ ತಡ ಎಚ್ಚರಗೊಂಡಿತ್ತು. ಬಿದ್ದುಹೋಗಿದ್ದ ಹಲ್ಲನ್ನು ಮಾಡಿಕೊಡುತ್ತಿದ್ದುದು ಇದೇ.

“ಈ ಕಡಗೋಲು ಯಾರದು ವೈನಿ?” ಎಂದು ಶಿವಯೋಗಿ ಕೇಳಿದ. ಇಷ್ಟು ವರ್ಷ ಅದು ಗೂಟದ ಮೇಲಿತ್ತು, ಅವನು ಒಮ್ಮೆಯೂ ಕೇಳಿರಲಿಲ್ಲ.

“ನಿಮ್ಮವ್ವಂದು. ತವರುಮನಿಯಿಂದ ತಂದಿದ್ಲಂತ. ಇದಕ್ಕ ಸಬಕಾರ ಮುಟ್ಟಸಬ್ಯಾಡ ಬಸಲಿಂಗಿ, ಬಿಸಿನೀರ ಸಾಕು ಅಂತ ಹೇಳಿದ್ಲು. ಹಾಲು ನಿಂತ ಮ್ಯಾಲ ಎಲ್ಲಾರೂ ಒಲಿಗೆ ಹಾಕಿದ್ರು. ನನಗ ಮನಸ ಬರಲಿಲ್ಲ. ಅತ್ತಿ ಕೈ ತಾಗಿದ್ದು ಮನ್ಯಾಗ ಮತ್ತೇನೈತಿ ಹೇಳು.”

ಶಿವಯೋಗಿಗೆ ತಾಯಿಯ ಮುಖ ನೆನಪಿರಲಿಲ್ಲ. ಒಂದು ಫೋಟೋ ಕೂಡ ಇರಲಿಲ್ಲ. ಕಡಗೋಲಿನ ಸವೆದ ಕೋಲನ್ನು ಬೆರಳಿನಿಂದ ಸವರಿ ನೋಡಿದ.

ಇಷ್ಟಾದ ಮೇಲೆ ಕೆಲಸ ಸುಲಭವೆಂದು ಇಬ್ಬರು ವಿಜ್ಞಾನಿಗಳೂ ನಂಬಿದರು. ಹೆಚ್ಚಿನ ಪರೀಕ್ಷೆಗೆಂದು ಕಡಗೋಲನ್ನು ಕೇಂದ್ರಕ್ಕೆ ಒಯ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಎರಡೂ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಕೇಂದ್ರದ ಹೆಮ್ಮೆಯಾಗಿದ್ದ ದೊಡ್ಡ ಉಕ್ಕಿನ ತೊಟ್ಟಿಯಲ್ಲಿ ಸೋಯಾ ಹಾಲಿಗೆ ಬೆರೆಸಿದರು. ಗಾಳಿಯ ಒಂದು ಗುಳ್ಳೆಯೂ ಒಳಹೋಗದ ತೊಟ್ಟಿ ಅದು. ಇಡೀ ಗದಗಿಗೆ ಸಾಲುವಷ್ಟು ಮೊಸರಾಯಿತು. ಯಂತ್ರ ನೋಡಿ ಹೇಳಿತು, ಖೊಟ್ಟಿ.

ಮತ್ತೆ ಮಾಡಿದರು. ಬಿಸಿ ಹೆಚ್ಚಿಸಿದರು, ಕಡಿಮೆ ಮಾಡಿದರು. ಒಂದಕ್ಕೆ ಹೆಚ್ಚು ಪಾಲು ಕೊಟ್ಟರು, ಇನ್ನೊಂದಕ್ಕೆ ಕೊಟ್ಟರು. ಖೊಟ್ಟಿ. “ಎರಡೂ ಜೀವಂತ ಅದಾವು. ಮನ್ಯಾಗ ಆಗೂದು ಇಲ್ಲೆ ಯಾಕ ಆಗವಲ್ದು?” ಎಂದು ರಿಜ್ವಾನಾ ತೊಟ್ಟಿಯ ಸುತ್ತ ಸುತ್ತಿದರು. ನವರಾತ್ರಿ ಹತ್ತಿರ ಬಂದಿತ್ತು.

ಆಗ ನಡೆದದ್ದು ಶಿವಯೋಗಿ ನೆನೆಸಿಕೊಂಡರೆ ಈಗಲೂ ಮೈ ಝುಮ್ಮೆನ್ನುವ ಸಂಗತಿ. ಒಂದು ಮಧ್ಯಾಹ್ನ ತಾಟಿನಲ್ಲಿ ಬಂದ ರೊಟ್ಟಿ ಮತ್ತೆ ಒಂದು ಕಡೆ ದಪ್ಪ, ಒಂದು ಕಡೆ ಹರಕು.

“ವೈನಿ, ಕೈ?”

ಬಸಲಿಂಗವ್ವ ಕೈಯನ್ನು ಸೆರಗಿನಡಿ ಎಳೆದುಕೊಂಡಳು. “ಸ್ವಲ್ಪ ಮಂಕಾಗೈತಿ ತಿರುಗಿ. ನೀ ಉಣ್ಣು ಮೊದಲ.”

“ಮಜ್ಜಿಗಿ ಕುಡೀತಿ ಹೌದಲ್ಲ?”

“ದಿನಾ ಕುಡೀತೀನಿ. ಅದ ಹೆಪ್ಪು, ಅದ ಗಡಿಗಿ. ಕಡಗೋಲ ಒಂದು ನೀ ಒಯ್ದಿ. ಸೌಟಿಲೆ ತಿರಿವಿ ಕುಡೀತೀನಿ.”

ಅವನು ಗಡಿಗೆಯ ಮಜ್ಜಿಗೆಯನ್ನು ಒಯ್ದು ಪರೀಕ್ಷಿಸಿದ. ಎರಡು ಜಾತಿಯ ಬ್ಯಾಕ್ಟೀರಿಯಾಗಳೂ ಅದರಲ್ಲಿ ಚೆನ್ನಾಗಿಯೇ ಇದ್ದವು. ಜೀವಸತ್ವ ಖೊಟ್ಟಿ. ಕಡಗೋಲಿನಲ್ಲಿದ್ದುದು ಗಡಿಗೆಗೆ ಎಂದೋ ಇಳಿದಿದ್ದರೂ, ಕಡಗೋಲು ಹೋದ ಕೂಡಲೇ ಕೆಲಸ ನಿಂತಿತ್ತು. ಖಾಲಿ ಕಣಜದ ದೇಹಕ್ಕೆ ಅಷ್ಟು ದಿನದ ಕೊರತೆಯೂ ತಡೆಯಲಾಗಿರಲಿಲ್ಲ. ವೈನಿಯ ಬೆರಳನ್ನು ತಾನೇ ಕೈಯಾರೆ ಕಸಿದುಕೊಂಡೆನೆಂದು ಅವನಿಗೆ ಸಂಕಟವಾಯಿತು. ಗಾಜಿನ ಪೆಟ್ಟಿಗೆ ತೆರೆದು, ಯಾರನ್ನೂ ಕೇಳದೆ, ಕಡಗೋಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಬೆಳ್ಳಂಬೆಳಿಗ್ಗೆ ಬೆಟಗೇರಿಗೆ ಹೋದ.

ಬಸಲಿಂಗವ್ವ ಏನೂ ಬೈಯಲಿಲ್ಲ. ಕೋಲನ್ನು ಹಿಡಿದಿಡುವ ಬಳೆಯನ್ನು ಕಂಬಕ್ಕೆ ಸಿಕ್ಕಿಸಿ, ಕಡಗೋಲಿಗೆ ಹಗ್ಗ ಸುತ್ತಿ ಗಡಿಗೆಯ ಮುಂದೆ ಕುಳಿತಳು. ರೊಟ್ಟಿ ಬಡಿಯಲು ತಡವರಿಸುವ ಕೈಗೆ ಹಗ್ಗ ಎಳೆಯಲು ತೊಂದರೆಯಿರಲಿಲ್ಲ. “ನೀ ಎಳೀತೀಯೇನು? ಸಣ್ಣಾಂವಿದ್ದಾಗ ಭಾಳ ಹಟ ಮಾಡತಿದ್ದಿ,” ಎಂದಳು.

ಶಿವಯೋಗಿ ಹಗ್ಗ ಹಿಡಿದ. ಸೊರ್ ಬರ್, ಸೊರ್ ಬರ್. ಹಾಲಿದ್ದ ಕಾಲದಲ್ಲಿ ಅವನಿಗೆ ನಿದ್ದೆ ತಿಳಿಯುತ್ತಿದ್ದುದು ಇದೇ ಸದ್ದಿಗೆ. ಗಡಿಗೆಯಲ್ಲಿ ಮಜ್ಜಿಗೆ ಸುತ್ತಿ ಸುತ್ತಿ ಮೇಲೇಳುತ್ತಿತ್ತು. ಅವನು ಎಳೆಯುತ್ತ ಎಳೆಯುತ್ತ ಗಡಿಗೆಯೊಳಗೆ ನೋಡಿದ. ಬಾಯಿತನಕ ಬಿಳಿ ನೊರೆ. ನೊರೆ ಎಂದರೆ ಗಾಳಿ.

ಹಗ್ಗ ಅವನ ಕೈಯಲ್ಲೇ ನಿಂತಿತು.

“ಯಾಕೋ? ಕೈ ನೋವಾತೇನು?”

“ಇಲ್ಲ ವೈನಿ. ಕಡದ ಮ್ಯಾಲ ಏನ ಮಾಡತಿ?”

“ಏನ ಮಾಡೂದೈತಿ? ಬೇಕಾದಷ್ಟು ತಕ್ಕೊಂಡು, ಉಳದದ್ದಕ್ಕ ಹೊಸಾ ಹಾಲು ಹಾಕಿ ಮುಚ್ಚಿ ಇಡತೀನಿ. ಮರುದಿನತನಕ ಯಾರೂ ಮುಟ್ಟೂದಿಲ್ಲ.”

ಅಷ್ಟೇ ವಿಷಯ. ಕೇಂದ್ರದ ಬ್ಯಾಕ್ಟೀರಿಯಾ ಕೀಲಿಕೈಯ ಹಿಡಿಯನ್ನು ಮಾಡುವುದು ಗಾಳಿಯಿಲ್ಲದೆ ಮುಚ್ಚಿಟ್ಟಾಗ. ಕಡಗೋಲಿನದು ಹಲ್ಲನ್ನು ಮಾಡುವುದು ಗಾಳಿ ಸಿಕ್ಕಾಗ. ಒಂದಕ್ಕೆ ನೊರೆ ಬೇಕು, ಇನ್ನೊಂದಕ್ಕೆ ಮುಚ್ಚಳ ಬೇಕು. ಬೆಳಿಗ್ಗೆ ಕಡೆದು ಆಮೇಲೆ ಮುಚ್ಚಿಡುವ ಮನೆಯಲ್ಲಿ ಎರಡಕ್ಕೂ ತಮ್ಮ ತಮ್ಮ ಹೊತ್ತು ಸಿಗುತ್ತಿತ್ತು. ಅವನೂ ರಿಜ್ವಾನಾ ಮೇಡಮ್ಮೂ ಒಂದು ಗುಳ್ಳೆಯೂ ಹೋಗದ ತೊಟ್ಟಿ ಎಂದು ಬೀಗುತ್ತ ಅರ್ಧ ಸಂಸಾರವನ್ನೇ ಉಸಿರುಗಟ್ಟಿಸಿದ್ದರು. ಶಿವಯೋಗಿ ಮುಖ ತೊಳೆಯದೆ ಕೇಂದ್ರಕ್ಕೆ ಓಡಿದ.

ರಿಜ್ವಾನಾ ಕೇಳಿ ಹಣೆ ಹಣೆ ಬಡಿದುಕೊಂಡರು. ಅದೇ ವಾರ ಬೆಟಗೇರಿಯ ಬಡಿಗರೊಬ್ಬರಿಂದ ಆಳೆತ್ತರದ ಕಡಗೋಲು ಮಾಡಿಸಿ, ತೊಟ್ಟಿಯ ಮುಚ್ಚಳ ಕೊರೆದು, ಮೋಟಾರು ಕೂಡಿಸಿದರು. ಅದು ಸೊರ್ ಬರ್ ಎನ್ನದೆ ಗಿರಣಿಯಂತೆ ಗುಡುಗುಟ್ಟುತ್ತಿತ್ತು. ಆದರೂ ಕೆಲಸ ಮಾಡಿತು. ಯಂತ್ರದ ಪರದೆಯ ಮೇಲೆ ಅಪ್ಪಟ ಗೆರೆ ಎದ್ದಾಗ ರಿಜ್ವಾನಾ ಹೊರಗೆ ಹೋಗಿ, ಹುಬ್ಬಳ್ಳಿಗೆ ಫೋನು ಹಚ್ಚಿದರು. “ಅಮ್ಮೀ, ನಾಳೆ ಬರತೀನಿ. ವಾಟಿ ತೊಳದಿಡು,” ಎಂದದ್ದು ಶಿವಯೋಗಿಗೆ ಕೇಳಿಸಿತು. ಅವರ ತಾಯಿಗೂ ಕಾಲು ಜೋಮು ಹಿಡಿದಿದ್ದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹೆಪ್ಪು ಹೊರಗೆ ಹೋಗಕೂಡದೆಂಬ ಅಪ್ಪಣೆಯನ್ನು ಅದನ್ನು ಹಾಕಿದವರೇ ತೆಗೆದರು. ಬೇಕಾದ ಒಪ್ಪಿಗೆಗಳೆಲ್ಲ ಬಂದ ಮೇಲೆ, ದೀಪಾವಳಿಯ ಹಿಂದಿನ ವಾರ, ಕೇಂದ್ರದ ಅಂಗಳದಲ್ಲಿ ಯಾರು ಬೇಕಾದರೂ ಬಂದು ಹೆಪ್ಪು ಒಯ್ಯಬಹುದೆಂದು ಡಂಗುರ ಹೊಡೆಸಿದರು. ದಿನಾ ಕಡೆಯಬೇಕು, ಕಡೆದ ಮೇಲೆ ಮುಚ್ಚಿಡಬೇಕು, ಬೇಡಿದವರಿಗೆ ಇಲ್ಲವೆನ್ನಬಾರದು. ಇಷ್ಟೇ ನಿಯಮ. ಮೂರನೆಯದನ್ನು ಸೇರಿಸಿದವರು ರಿಜ್ವಾನಾ.

ಸಾಲು ರಸ್ತೆಯವರೆಗೆ ಹೋಗಿತ್ತು. ನೇಕಾರರು, ಗಿರಣಿಯವರು, ಬಸ್ಸಿನ ಕಂಡಕ್ಟರು, ಕೋಲೂರಿದ ಮುದುಕರು, ಪ್ರತಿಯೊಬ್ಬರ ಕೈಯಲ್ಲೂ ಒಂದು ವಾಟಿ. ಕೆಲವರು ಹಾಲಿನ ಕಾಲದ ಹಿತ್ತಾಳೆ ಗಿಂಡಿಯನ್ನು ಹುಳಿ ಹಚ್ಚಿ ಬೆಳಗಿ ತಂದಿದ್ದರು. ಬಡಿಗರು ಗೇಟಿನ ಹತ್ತಿರವೇ ಕಡಗೋಲು ಹರವಿಕೊಂಡು ಕುಳಿತಿದ್ದರು. ಮಿಕ್ಸರಿನಲ್ಲಿ ಕಡೆದರೆ ನಡೆಯುತ್ತದೆಯೇ ಎಂದು ಒಬ್ಬಳು ಕೇಳಿದಾಗ ರಿಜ್ವಾನಾ, “ನಡೀತೈತ್ರೀ, ನೊರಿ ಬಂದ್ರ ಸಾಕು,” ಎಂದರು. ಬಡಿಗರು ಅವರನ್ನು ಕೆಂಗಣ್ಣಿನಿಂದ ನೋಡಿದರು.

ಮೊದಲ ಹೆಪ್ಪು ಕೊಡಲು ಬಸಲಿಂಗವ್ವನನ್ನು ಕರೆಸಿದ್ದರು. ಇಳಕಲ್ಲು ಸೀರೆ ಉಟ್ಟು, ದೊಡ್ಡ ಪಾತ್ರೆಯ ಮುಂದೆ ಸೌಟು ಹಿಡಿದು ಆಕೆ ನಿಂತಿದ್ದಳು. ಕೈಗೆ ಬಿಸಿ ತಿಳಿಯುತ್ತಿತ್ತು, ನೋವು ತಿಳಿಯುತ್ತಿತ್ತು. ಸೀರೆಯ ನವಿರು ಮಾತ್ರ ತಿಳಿಯುತ್ತಿಲ್ಲ ಎಂದು ಬೆಳಿಗ್ಗೆ ಹೇಳಿದ್ದಳು. “ಇಷ್ಟ ಬಂದದ್ದ ದೊಡ್ಡದು. ಹೆಚ್ಚಿಗಿ ಆಸೆ ಮಾಡಬಾರದು,” ಎಂದೂ ಅಂದಿದ್ದಳು. ಡಾಕ್ಟರು ಕೊಡದ ಮಾತು ಶಿವಯೋಗಿಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು.

ಅವನು ಪಕ್ಕದಲ್ಲಿ ನಿಂತು, ಜನರ ವಾಟಿ ಇಸಿದುಕೊಂಡು ಆಕೆಗೆ ಕೊಡುತ್ತಿದ್ದ. ವಾರವಿಡೀ ಊಟ ನಿದ್ದೆ ಬಿಟ್ಟು ಓಡಾಡಿದ್ದಕ್ಕೋ ಏನೋ, ನಿನ್ನೆಯಿಂದ ಮೈಕೈ ನೋಯುತ್ತಿತ್ತು. ಇಂಥ ದಿನ ಹೇಳುವಂಥದಲ್ಲವೆಂದು ಸುಮ್ಮನಿದ್ದ. ಕಾಶವ್ವನ ವಾಟಿ ಕೊಡುವಾಗ ಅವನ ಬೆರಳು ವೈನಿಯ ಬೆರಳಿಗೆ ತಾಗಿತು.

ಸೌಟು ಗಾಳಿಯಲ್ಲೇ ನಿಂತಿತು. ಬಸಲಿಂಗವ್ವ ಅವನ ಮುಖ ನೋಡಿದಳು. ಸೌಟನ್ನು ಪಾತ್ರೆಗಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಅಂಗೈಯನ್ನು ಅವನ ಹಣೆಯ ಮೇಲಿಟ್ಟಳು. ಇಟ್ಟ ಕೈ ತೆಗೆಯಲಿಲ್ಲ, ಕೆನ್ನೆ ತಾಗಿಸಲು ಬಾಗಲಿಲ್ಲ.

“ಜ್ವರಾ ಬಂದಾವಲ್ಲೋ ತಮ್ಮಾ,” ಎಂದಳು. “ಭಾಳ ಇಲ್ಲ. ಸಂಜೀ ಮುಂದ ಏರತಾವು, ಮುಂಜಾನಿ ಬಿಡತಾವು. ಯಾಕ ಹೇಳಲಿಲ್ಲ?”

ರಿಜ್ವಾನಾ ಮೆಲ್ಲಗೆ ಬಂದು ಸೌಟು ಎತ್ತಿಕೊಂಡು, ಕಾಶವ್ವನ ವಾಟಿಗೆ ಹೆಪ್ಪು ಹಾಕಿದರು. ಬಸಲಿಂಗವ್ವ ಮೈದುನನನ್ನು ರಟ್ಟೆ ಹಿಡಿದು, ಇಡೀ ಸಾಲಿನ ಮುಂದೆ, ಜ್ವರ ಇಟ್ಟುಕೊಂಡು ಬಿಸಿಲಿಗೆ ನಿಲ್ಲುವ ಬುದ್ಧಿಗೇಡಿತನಕ್ಕೆ ಬೈಯುತ್ತ ಬೈಯುತ್ತ ಮನೆಗೆ ಎಳೆದುಕೊಂಡು ಹೋದಳು. ಅವನು ಕಣ್ಣು ಒರೆಸಿಕೊಳ್ಳುತ್ತ, ಆ ಬೈಗುಳದ ಒಂದು ಅಕ್ಷರವೂ ತಪ್ಪದಂತೆ ಕೇಳಿಸಿಕೊಳ್ಳುತ್ತ, ಹಿಂದೆ ಹಿಂದೆ ನಡೆದ.